ಏಷ್ಯಾದ ಸಮಕಾಲೀನ ಕಲಾ ಪ್ರದರ್ಶನಗಳು: ಕರ್ನಾಟಕದ ಪಾಲು, ಬೆಳಗಾವಿಯ ನೆಲೆ

ಏಷ್ಯಾದ ಸಮಕಾಲೀನ ಕಲೆಯನ್ನು ಒಂದೆಡೆ ತಂದು ತೋರಿಸುವ ದೊಡ್ಡ ಪ್ರದರ್ಶನಗಳಿಗೆ ಬಲ ಬಂದದ್ದು 1990ರ ದಶಕದಲ್ಲಿ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 1993ರಲ್ಲಿ ಏಷ್ಯಾ ಪೆಸಿಫಿಕ್ ಟ್ರಿಯೆನಿಯಲ್, ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಲ್ಲಿ 1995ರಲ್ಲಿ ಬಿನಾಲೆ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ) ಆರಂಭವಾದವು. 1999ರಲ್ಲಿ ಜಪಾನಿನ ಫುಕುವೊಕದಲ್ಲಿ ಏಷ್ಯಾದ ಕಲೆಗೆಂದೇ ಒಂದು ಮ್ಯೂಸಿಯಂ ತೆರೆಯಿತು. ಭಾರತದಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ 2012ರ ಡಿಸೆಂಬರಿನಲ್ಲಿ ಮೊದಲಾಯಿತು.

ಇಂಥ ಪ್ರದರ್ಶನಗಳಲ್ಲಿ ಚೌಕಟ್ಟಿನ ಚಿತ್ರಗಳ ಜೊತೆಗೆ ಪ್ರತಿಷ್ಠಾಪನಾ ಕಲೆಗೂ ದೊಡ್ಡ ಸ್ಥಾನವಿದೆ. ಇದರಲ್ಲಿ ಕೋಣೆಯ ಜಾಗವೇ ಕೃತಿಯ ಅಂಗವಾಗುತ್ತದೆ. ದಿನಬಳಕೆಯ ವಸ್ತು ತನ್ನ ಬದುಕಿನ ನೆನಪನ್ನು ಹೊತ್ತೇ ಒಳಗೆ ಬರುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2009ರ ವೆನಿಸ್ ಬಿನಾಲೆಯಲ್ಲಿ ತೋರಿಸಿದ 'ಬಿಹೋಲ್ಡ್' ಇದಕ್ಕೆ ಒಳ್ಳೆಯ ಉದಾಹರಣೆ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗ, ಅದರಲ್ಲಿ ತೂಗಿಬಿಟ್ಟ ಕಾರುಗಳ ಉಕ್ಕಿನ ಬಂಪರ್‌ಗಳು: ಕೃತಿಯಲ್ಲಿ ಇರುವುದು ಇಷ್ಟೇ. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲಿನ ಹುರಿ ಕಟ್ಟುವ ರೂಢಿ ಗೊತ್ತಿದ್ದವರಿಗೆ ಹರಕೆ, ಭಯ, ಯಂತ್ರ ಮೂರೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಮೈಸೂರಿನ ಎನ್. ಎಸ್. ಹರ್ಷ 'ನೇಷನ್ಸ್' ಕೃತಿಯಲ್ಲಿ ಕಾಲಿನಿಂದ ತುಳಿಯುವ 192 ಹೊಲಿಗೆ ಯಂತ್ರಗಳ ಮೇಲೆ ದೇಶದೇಶಗಳ ಬಾವುಟಗಳನ್ನಿಟ್ಟು, ನೂಲುಗಳನ್ನು ಒಂದಕ್ಕೊಂದು ಸಿಕ್ಕು ಬೀಳಿಸಿದರು. ಟೋಕಿಯೊದ ಮೋರಿ ಕಲಾ ಮ್ಯೂಸಿಯಂ 2017ರಲ್ಲಿ ಅವರ ದೊಡ್ಡ ಏಕವ್ಯಕ್ತಿ ಪ್ರದರ್ಶನ ನಡೆಸಿತು.

ಕರ್ನಾಟಕದ ಇನ್ನೊಂದು ಊರಾದ ಬೆಳಗಾವಿಗೂ ತನ್ನದೇ ಕಲಾಪರಂಪರೆಯಿದೆ. ಕಲಾವಿದ ಕೆ. ಬಿ. ಕುಲಕರ್ಣಿಯವರು ಅಲ್ಲಿನ 'ಚಿತ್ರಮಂದಿರ' ಎಂಬ ಕಲಾಶಾಲೆಯಲ್ಲಿ ಭಾವಚಿತ್ರ, ನಿಸರ್ಗಚಿತ್ರಗಳ ಕಟ್ಟುನಿಟ್ಟಾದ ಶಿಕ್ಷಣ ಕೊಟ್ಟರು. ಚಿತ್ರಕಾರರಾದ ರವಿ ಪರಾಂಜಪೆ ಮತ್ತು ಜಾನ್ ಫರ್ನಾಂಡಿಸ್ ಕುಲಕರ್ಣಿಯವರ ಶಿಷ್ಯರು. ಇದೇ ಜಿಲ್ಲೆಯ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ. ಮಣ್ಣನ್ನು ಹದ ಮಾಡುವುದು, ತಿಗರಿಯ ಮೇಲೆ ಎತ್ತುವುದು, ಆವಿಗೆಯಲ್ಲಿ ಸುಡುವುದು ಬಲ್ಲ ನೆಲದಲ್ಲಿ ವಸ್ತುವನ್ನು ಓದುವ ಕಣ್ಣು ಆಗಲೇ ಪಳಗಿರುತ್ತದೆ. ಸಮಕಾಲೀನ ಕಲೆ ಬೇಡುವುದೂ ಆ ಕಣ್ಣನ್ನೇ.

ಇಂಥ ಕೃತಿಗಳನ್ನು ತೋರಿಸುವ ಗ್ಯಾಲರಿಗೆ ಭಾರ ತಡೆಯುವ ಚಾವಣಿ, ಬೇಕಾದಂತೆ ತಿರುಗಿಸಬಹುದಾದ ದೀಪಗಳು, ನೋಡುಗರು ಸುತ್ತು ಹಾಕುವಷ್ಟು ಜಾಗ ಬೇಕು. ಕೃತಿಯಲ್ಲಿ ಬಳಸಿದ ವಸ್ತು ಯಾವುದು, ಎಲ್ಲಿಯದು, ಹೇಗೆ ಮಾಡಿದ್ದು ಎಂಬುದನ್ನು ತಿಳಿಸುವ ಫಲಕ ಬೆಳಗಾವಿಯಂಥ ಊರಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಇರಬೇಕು. ಶಾಲಾ ಮಕ್ಕಳಿಗೆ ಕೃತಿಯ ಎದುರೇ ನಿಂತು ವಿವರಿಸುವವರೊಬ್ಬರು ಇರುವುದು ಅಷ್ಟೇ ಅಗತ್ಯ.