ಮಲಪ್ರಭೆಯ ಕಲ್ಲು, ಶಾನಿದಾರ್‌ನ ಮೂಳೆ

ಮನುಷ್ಯ ಮನುಷ್ಯನನ್ನು ಹೊಡೆದದ್ದಕ್ಕೂ ಮನುಷ್ಯ ಮನುಷ್ಯನನ್ನು ಸಾಕಿದ್ದಕ್ಕೂ ಇರುವ ಅತಿ ಹಳೆಯ ಸಾಕ್ಷಿ ಮೂಳೆ. ಏಟು ಬಿದ್ದ ತಲೆಬುರುಡೆ ಬಿರುಕನ್ನು ಉಳಿಸಿಕೊಳ್ಳುತ್ತದೆ. ಏಟು ತಿಂದವರು ಬದುಕಿದರೆ ಬಿರುಕಿನ ಅಂಚು ಕೂಡಿಕೊಂಡು ದುಂಡಗಾಗುತ್ತದೆ. ಗಾಯವಾದ ಮೇಲೆ ಕಳೆದದ್ದು ಕೆಲವು ವಾರಗಳೋ ಹತ್ತಾರು ವರ್ಷಗಳೋ ಎಂಬುದನ್ನು ಆ ಅಂಚಿನಿಂದ ಅಂದಾಜು ಮಾಡಬಹುದು. ಹೀಗಾಗಿ ಒಂದೇ ಗಾಯದಲ್ಲಿ ಹೊಡೆದವರ ಕೈಯೂ ಆರೈಕೆ ಮಾಡಿದವರ ಕೈಯೂ ಕಾಣುವುದುಂಟು.

ಬೆಳಗಾವಿ ಜಿಲ್ಲೆಯ ಮಲಪ್ರಭಾ ಕಣಿವೆಯಲ್ಲಿ ಹಳೆಶಿಲಾಯುಗದ ಕಲ್ಲಿನ ಆಯುಧಗಳು ಹೇರಳವಾಗಿವೆ, ಅವನ್ನು ಮಾಡಿದವರ ದೇಹಗಳು ಮಾತ್ರ ಸಿಕ್ಕಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಹೊಳೆ ಕಿತ್ತೂರು, ಬೈಲಹೊಂಗಲದ ಸೀಮೆಯನ್ನು ದಾಟಿ, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ರಾಮದುರ್ಗದತ್ತ ಹರಿಯುತ್ತದೆ. ಆ ಗುಡ್ಡಗಳದು ಕ್ವಾರ್ಟ್ಸೈಟ್ ಎಂಬ ಗಟ್ಟಿ ಕಲ್ಲು. ಸರಿಯಾಗಿ ಹೊಡೆದರೆ ಅಲಗಿನಂಥ ಅಂಚು ಕೊಡುವ ಕಲ್ಲು ಅದು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಕಣಿವೆಯ ಜಲ್ಲಿಯಲ್ಲೂ ಅಂಥ ಆಯುಧಗಳನ್ನು ಕಂಡರು. ಈ ಸೀಮೆಯ ಭೂರಚನೆಯ ಬಗ್ಗೆ ಅವರು ಬರೆದ ದೊಡ್ಡ ವರದಿ 1876ರಲ್ಲಿ ಅಚ್ಚಾಯಿತು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿ ಹೊಳೆಯ ದಂಡೆಗಳನ್ನು ಪದರುಪದರಾಗಿ ಅಭ್ಯಾಸ ಮಾಡಿ 1955ರಲ್ಲಿ ಪುಸ್ತಕ ಹೊರತಂದರು. ರಾಮದುರ್ಗದಿಂದ ಕೆಳಹರಿವಿನಲ್ಲಿರುವ ಖ್ಯಾಡ ಗ್ರಾಮದ ಹೆಸರು ಪ್ರಾಗಿತಿಹಾಸದ ಪುಸ್ತಕಗಳಿಗೆ ಸೇರಿದ್ದು ಈ ಕೆಲಸಗಳಿಂದ. ಇದೇ ಕಣಿವೆಯ ಲಖಮಾಪುರದಲ್ಲಿ ರವಿ ಕೋರಿಶೆಟ್ಟರ್ ಮತ್ತು ಮೈಕೇಲ್ ಪೆಟ್ರಾಗ್ಲಿಯಾ ಅವರ ತಂಡ ಅಧ್ಯಯನ ನಡೆಸಿತು. ಅಲ್ಲಿ ಕೈಗೊಡಲಿಗಳ ಜೊತೆಗೆ ಮಧ್ಯ ಹಳೆಶಿಲಾಯುಗದ ಚಕ್ಕೆ ಆಯುಧಗಳೂ ಇವೆ.

ಇಷ್ಟೆಲ್ಲ ಸಿಕ್ಕರೂ ಇವನ್ನು ಹಿಡಿದ ಬೆರಳಿನ ಒಂದು ಮೂಳೆಯೂ ಸಿಕ್ಕಿಲ್ಲ. ಈ ಕಣಿವೆಯನ್ನು ಪ್ರೀತಿಸುವವರ ಮಟ್ಟಿಗೆ ಇದು ದೊಡ್ಡ ನೋವು. ಉರುಳುವ ಜಲ್ಲಿಯಲ್ಲಿ ಕಲ್ಲು ತಾಳಿಕೊಳ್ಳುತ್ತದೆ, ಮೂಳೆ ಪುಡಿಯಾಗುತ್ತದೆ. ಆದರೂ ಆಸೆ ಪೂರ್ತಿ ಸತ್ತಿಲ್ಲ. ಪಕ್ಕದ ಘಟಪ್ರಭಾ ಸೀಮೆಯಲ್ಲಿ, ಗೋಕಾಕದ ಹತ್ತಿರದ ಹಳ್ಳವೊಂದರಲ್ಲಿ, ಇದೇ ಫೂಟ್ ಅಳಿದುಹೋದ ಖಡ್ಗಮೃಗವೊಂದರ ಮೂಳೆಗಳನ್ನು ಕಂಡು 1874ರಲ್ಲಿ ವಿವರಿಸಿದ್ದರು. ಖಡ್ಗಮೃಗ ಉಳಿದ ನೆಲದಲ್ಲಿ ಅದನ್ನು ನೋಡಿ ಓಡಿದ ಮನುಷ್ಯನೂ ಎಲ್ಲೋ ಉಳಿದಿರಬಹುದು. ಸದ್ಯಕ್ಕೆ ಭಾರತದಲ್ಲಿ ಅಷ್ಟು ಹಳೆಯ ತಲೆಬುರುಡೆ ಎಂದರೆ 1982ರಲ್ಲಿ ನರ್ಮದೆಯ ದಂಡೆಯ ಹಥ್ನೋರಾದಲ್ಲಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕಿದ್ದು. ಕರ್ನಾಟಕದಲ್ಲಿ ಮನುಷ್ಯರ ಅಸ್ಥಿಗಳು ಚೆನ್ನಾಗಿ ಸಿಗತೊಡಗುವುದು ಬಹಳ ತಡವಾಗಿ, ನವಶಿಲಾಯುಗದ ರೈತರ ಕಾಲಕ್ಕೆ. ಬ್ರಹ್ಮಗಿರಿ, ತೆಕ್ಕಲಕೋಟೆಗಳಲ್ಲಿ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳಿದ್ದಾರೆ. ಅದಕ್ಕಿಂತ ಹಿಂದಿನ ಕಥೆಗೆ ಸ್ಪೇನ್, ಇರಾಕ್, ಫ್ರಾನ್ಸ್‌ಗಳ ಗವಿಗಳನ್ನೇ ಹೊಗಬೇಕು.

ಸ್ಪೇನಿನ ಅಟಪುಯೆರ್ಕಾ ಬೆಟ್ಟದ ಆಳವಾದ ಗುಂಡಿಯೊಂದರಲ್ಲಿ ಸುಮಾರು 4,30,000 ವರ್ಷ ಹಳೆಯ ಮೂಳೆಗಳ ರಾಶಿ ಇದೆ. ಆ ಮೂಳೆಗಳವರು ನಿಯಾಂಡರ್ತಾಲರೆಂಬ, ಈಗ ಅಳಿದುಹೋದ ಮಾನವ ಕುಲದ ಪೂರ್ವಿಕರು ಅಥವಾ ಹತ್ತಿರದ ನೆಂಟರು. ಅಲ್ಲಿನ ಒಂದು ಬುರುಡೆಯ ಹಣೆಯ ಮೇಲೆ, ಒಂದೇ ಬಗೆಯ ವಸ್ತುವಿನಿಂದ ಬಿದ್ದ ಎರಡು ಏಟುಗಳಿವೆ, ಅಂಚು ಕೂಡಿಲ್ಲ. ಬಂಡೆಯಿಂದ ಬಿದ್ದರೆ ಹೀಗೆ ಎರಡು ಸಲ ಒಂದೇ ಥರ ಪೆಟ್ಟಾಗುವುದಿಲ್ಲ. ಇದು ಕೊಲೆಯೇ. ಆದರೆ ಅದೇ ಗುಂಡಿಯಲ್ಲಿ ಇನ್ನೊಂದು ಬುರುಡೆಯೂ ಇದೆ. ಹುಟ್ಟುವ ಮೊದಲೇ ತಲೆಯ ಮೂಳೆಗಳು ಬೆಸೆದುಕೊಂಡು ತಲೆ, ಮುಖ ಓರೆಯಾಗಿದ್ದ ಮಗುವಿನದು. ಆ ಮಗು ಕನಿಷ್ಠ 5 ವರ್ಷ ಬದುಕಿತ್ತು, ಅಂದರೆ ಅಷ್ಟು ವರ್ಷ ಯಾರೋ ಅದಕ್ಕೆ ಉಣಿಸಿದ್ದರು, ಎತ್ತಿಕೊಂಡಿದ್ದರು.

ಈ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗವಿ. ಅಮೆರಿಕದ ರಾಲ್ಫ್ ಸೊಲೆಕಿ 1951ರಿಂದ ಅಲ್ಲಿ ಅಗೆಯತೊಡಗಿದರು. 1957ರಲ್ಲಿ ಸಿಕ್ಕ ಮೊದಲ ವಯಸ್ಕ ನಿಯಾಂಡರ್ತಾಲನನ್ನು ಪುಸ್ತಕಗಳು ಶಾನಿದಾರ್ ಒಂದು ಎಂದು ಕರೆಯುತ್ತವೆ. ಸುಮಾರು 45,000 ವರ್ಷಗಳ ಹಿಂದೆ ಬದುಕಿದ್ದವನು, ಸಾಯುವಾಗ ವಯಸ್ಸು 40ರ ಆಸುಪಾಸು. ಆ ಕಾಲಕ್ಕೆ ಅದು ಮುದಿತನವೇ. ಅವನ ಮೈ ತುಂಬ ಗಾಯದ ಗುರುತು. ಎಡಗಣ್ಣಿನ ಸುತ್ತಲಿನ ಮೂಳೆ ಜಜ್ಜಿಹೋಗಿತ್ತು. ಆ ಕಣ್ಣು ಬಹುಶಃ ಕುರುಡಾಗಿತ್ತು. ಬಲಗೈಯ ಮೂಳೆ ಸೊರಗಿ ತೆಳ್ಳಗಾಗಿತ್ತು, ಮೊಣಕೈಯಿಂದ ಕೆಳಗೆ ಕೈಯೇ ಇರಲಿಲ್ಲ. ಬಲಗಾಲಿನ ಪೆಟ್ಟಿನಿಂದ ಕುಂಟುತ್ತಿದ್ದ. ಕಿವಿಯ ನಾಳಗಳಲ್ಲಿ ಮೂಳೆ ಬೆಳೆದು ಹೆಚ್ಚುಕಡಿಮೆ ಮುಚ್ಚಿದ್ದವು, ಆದ್ದರಿಂದ ಕಿವಿಯೂ ಮಂದ. ಇವೆಲ್ಲ ಸಾವಿಗೆ ಬಹಳ ವರ್ಷ ಮೊದಲಿನವು, ಗಾಯಗಳೆಲ್ಲ ಮಾಗಿದ್ದವು. ಚಿರತೆ, ತೋಳಗಳು ತಿರುಗಾಡುತ್ತಿದ್ದ ಬೆಟ್ಟದಲ್ಲಿ ಒಂದೇ ಕೈಯ, ಒಂದೇ ಕಣ್ಣಿನ, ಸರಿಯಾಗಿ ಕೇಳಿಸದ ಮನುಷ್ಯ ಒಂಟಿಯಾಗಿ ಹತ್ತಾರು ವರ್ಷ ಬಾಳುವುದು ಹೇಗೆ? ಗಾಯಗೊಂಡ ವಾನರಗಳೂ ಬದುಕುತ್ತವೆ, ಇದರಲ್ಲಿ ಕರುಣೆಯನ್ನು ಓದಬೇಕಾಗಿಲ್ಲ ಎನ್ನುವ ವಿದ್ವಾಂಸರಿದ್ದಾರೆ. ಆದರೆ ಇಷ್ಟು ಊನಗಳು ಒಂದೇ ದೇಹದಲ್ಲಿ ಕೂಡಿದ್ದಾಗ ಆ ವಾದ ನಿಲ್ಲುವುದಿಲ್ಲ. ಬೇಟೆಯ ಪಾಲು ಅವನಿಗೆ ಸಿಗುತ್ತಿತ್ತು, ಗುಂಪು ಜಾಗ ಬದಲಿಸಿದಾಗ ಅವನ ನಡಿಗೆಗೆ ಕಾಯುತ್ತಿತ್ತು.

ಅದೇ ಗವಿಯ ಇನ್ನೊಬ್ಬನ, ಶಾನಿದಾರ್ ಮೂರರ, ಎಡ ಪಕ್ಕೆಲುಬಿನಲ್ಲಿ ಚೂಪಾದ ಕಲ್ಲು ಹೊಕ್ಕ ಸೀಳಿದೆ. ಮೂಳೆ ಕೂಡತೊಡಗಿತ್ತು, ಅವನು ಕೆಲವು ವಾರ ಬದುಕಿ ಸತ್ತ. 2009ರಲ್ಲಿ ಸ್ಟೀವನ್ ಚರ್ಚಿಲ್ ಅವರ ತಂಡ ಪ್ರಾಣಿಗಳ ಕಳೇಬರಗಳ ಮೇಲೆ ಪ್ರಯೋಗ ಮಾಡಿ, ಈ ಸೀಳು ಎಸೆದ ಹಗುರ ಈಟಿಯಿಂದಾಗುವ ಗಾಯಕ್ಕೆ ಹೊಂದುತ್ತದೆ ಎಂದಿತು. ಅಂಥ ಈಟಿ ನಮ್ಮ ಜಾತಿಯ ಮನುಷ್ಯರ ಆಯುಧ ಎಂಬುದು ಅವರ ಊಹೆ.

ಫ್ರಾನ್ಸಿನ ಲಾ ಶಪೆಲ್‌ನಲ್ಲಿ 1908ರಲ್ಲಿ ಸಿಕ್ಕ ಹಲ್ಲುದುರಿದ ನಿಯಾಂಡರ್ತಾಲ ಮುದುಕನ ಕಥೆ ಅನ್ಯಾಯದ ಕಥೆ. ಸಂಧಿವಾತದಿಂದ ಬಾಗಿದ್ದ ಅವನ ದೇಹವನ್ನು ಕಂಡ ಫ್ರೆಂಚ್ ವಿದ್ವಾಂಸ ಮಾರ್ಸೆಲಾನ್ ಬೂಲ್, ಇಡೀ ಕುಲವೇ ಗೂನು ಬೆನ್ನಿನ ಪಶುಪ್ರಾಯರು ಎಂಬ ಚಿತ್ರ ಕಟ್ಟಿದರು. ಅದು ತಿದ್ದುಪಡಿಯಾಗಲು ಸುಮಾರು 50 ವರ್ಷ ಬೇಕಾಯಿತು. ಹಾಗೆಂದು ನಿಯಾಂಡರ್ತಾಲರು ಸಾಧುಗಳೂ ಅಲ್ಲ. ಸ್ಪೇನಿನ ಎಲ್ ಸಿದ್ರೋನ್ ಗವಿಯಲ್ಲಿ ಕೊಯ್ದು, ಮಜ್ಜೆಗಾಗಿ ಒಡೆದ ಅವರದೇ ಮೂಳೆಗಳು ಸಿಕ್ಕಿವೆ.

ನಮ್ಮ ಜಾತಿಯ ಮನುಷ್ಯರ ಕಡೆಯೂ ಇದೇ ಎರಡೆಳೆ. ರಷ್ಯಾದ ಸುಂಗೀರ್‌ನಲ್ಲಿ ಸುಮಾರು 34,000 ವರ್ಷ ಹಿಂದೆ ಹೂಳಿದ ಒಬ್ಬನ ಕತ್ತಿನ ಬುಡದಲ್ಲಿ ಪ್ರಾಣ ತೆಗೆದಿರಬಹುದಾದ ಇರಿತವಿದೆ. ಅದೇ ದೇಹದ ಮೇಲೆ ಮ್ಯಾಮತ್ ದಂತದ ಸಾವಿರಾರು ಮಣಿಗಳಿವೆ. ಇಟಲಿಯ ರೊಮಿತೊದಲ್ಲಿ, ಬೇಟೆಗೆ ಓಡಲಾಗದ ಕುಬ್ಜ ಹುಡುಗನೊಬ್ಬನನ್ನು ಹರೆಯದವರೆಗೆ ಸಾಕಿದ್ದರು. ಸುಡಾನಿನ ಜೆಬೆಲ್ ಸಹಾಬಾದಲ್ಲಿ, ನೈಲ್ ದಂಡೆಯಲ್ಲಿ, ಸುಮಾರು 13,000 ವರ್ಷ ಹಿಂದಿನ 61 ಜನರ ಸ್ಮಶಾನವಿದೆ. ಇದನ್ನು ಒಂದೇ ಯುದ್ಧದ ಸಾವು ಎಂದು ಬಹುಕಾಲ ನಂಬಲಾಗಿತ್ತು. 2021ರ ಮರುಪರಿಶೀಲನೆಯಲ್ಲಿ ಮಾಗಿದ ಗಾಯಗಳೂ ಹೊಸ ಗಾಯಗಳೂ ಒಂದೇ ದೇಹದಲ್ಲಿ ಕಂಡವು. ಅಲ್ಲಿ ನಡೆದದ್ದು ಮತ್ತೆ ಮತ್ತೆ ಮರುಕಳಿಸಿದ ಚಿಕ್ಕ ದಾಳಿಗಳು, ಮಕ್ಕಳನ್ನೂ ಬಿಡದಂಥವು.

ನಿಯಾಂಡರ್ತಾಲರು, ನಮ್ಮ ಜಾತಿಯವರು ಇಬ್ಬರಲ್ಲಿ ಹೆಚ್ಚು ಕ್ರೂರರು ಯಾರು ಎಂಬ ಪ್ರಶ್ನೆಗೆ 2018ರಲ್ಲಿ ಟ್ಯೂಬಿಂಗನ್‌ನ ಯೂಡಿತ್ ಬೈಯರ್ ಮತ್ತು ಸಂಗಡಿಗರು ಲೆಕ್ಕ ಹಾಕಿ ಉತ್ತರಿಸಿದರು. ನಿಯಾಂಡರ್ತಾಲರ ತಲೆಬುರುಡೆಗಳ ಗಾಯದ ಪ್ರಮಾಣವೂ ಯುರೇಷಿಯಾದ ಆದಿ ಆಧುನಿಕ ಮಾನವರದೂ ಹೆಚ್ಚುಕಡಿಮೆ ಒಂದೇ. ಇಬ್ಬರಲ್ಲೂ ಗಂಡಸರಿಗೇ ಏಟು ಹೆಚ್ಚು.

ಈ ಎರಡು ಕುಲಗಳು ಬಡಿದಾಡಿದ್ದಷ್ಟೇ ಅಲ್ಲ, ಕೂಡಿಯೂ ಬಾಳಿದವು. 2010ರಲ್ಲಿ ಸ್ವಾಂಟೆ ಪೇಬೊ ಅವರ ತಂಡ ನಿಯಾಂಡರ್ತಾಲರ ವಂಶವಾಹಿ ಬರಹವನ್ನು ಓದಿದಾಗ, ಆಫ್ರಿಕಾದ ಹೊರಗಿನ ಎಲ್ಲ ಜನರಲ್ಲೂ ಅದರ ಸಣ್ಣ ಪಾಲು ಇರುವುದು ಗೊತ್ತಾಯಿತು. ಆ ಕೂಡಿಕೆ ಬಲಾತ್ಕಾರದಿಂದಲೋ ಒಲವಿನಿಂದಲೋ ಎಂಬುದನ್ನು ವಂಶವಾಹಿ ಹೇಳುವುದಿಲ್ಲ. ಹುಟ್ಟಿದ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದರು, ಆ ಮಕ್ಕಳಿಗೂ ಮಕ್ಕಳಾದವು ಎಂಬುದಂತೂ ಖಚಿತ. ಭಾರತದಲ್ಲಿ ನಿಯಾಂಡರ್ತಾಲರ ಮೂಳೆ ಎಲ್ಲೂ ಸಿಕ್ಕಿಲ್ಲ, ಆದರೆ ಅವರ ಪಾಲು ಇಲ್ಲಿನ ಮೈಗಳಲ್ಲಿದೆ. 2020ರಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಪೇಬೊ ತೋರಿಸಿದಂತೆ, ಕೊರೊನಾ ಸೋಂಕನ್ನು ತೀವ್ರಗೊಳಿಸುವ ಮೂರನೇ ವರ್ಣತಂತುವಿನ ಒಂದು ತುಣುಕು ನಿಯಾಂಡರ್ತಾಲರಿಂದ ಬಂದದ್ದು, ಮತ್ತು ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನ ಇಂದಿಗೂ ಅದನ್ನು ಹೊತ್ತಿದ್ದಾರೆ.