ಹೊಳಿ ಬರೂ ಮೊದಲ ಮನಿಯ ವಿಮೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಮೊದಲ ಒಂದು ಮಾತು ಹೇಳಿಬಿಡ್ತೀನಿ. ನಾನು ವಿಮಾ ಏಜೆಂಟ ಅಲ್ಲ, ಯಾವ ಕಂಪನಿಯ ಕಮಿಷನ್ನೂ ನನಗ ಬರೂದಿಲ್ಲ. ಅದಕ್ಕ ಯಾರೂ ಎದ್ದು ಹೋಗಬ್ಯಾಡ್ರಿ.

2025ರ ಸೆಪ್ಟೆಂಬರ್ ಯಾರೂ ಮರೆತಿಲ್ಲ. ಸೀನಾ ಹೊಳಿ ಉಕ್ಕಿ ಸೋಲಾಪುರ–ವಿಜಯಪುರ ರಸ್ತೆಯ ಮೇಲೇ ನೀರು ಬಂತು, ಗಾಡಿಗಳು ನಿಂತವು. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೊಳಿ ಹಿಂಗ ಬಂದಿತ್ತು. ನಮ್ಮ ವಸ್ತಿಗಳು ಎಲ್ಲಿರ್ತಾವು? ಊರಿನ ತಗ್ಗಿಗೆ, ಹಳ್ಳದ ದಂಡಿಗೆ. ಆ ಜಾಗ ನಾವು ಆರಿಸಿಕೊಂಡಿದ್ದಲ್ಲ. ಅಂದಮ್ಯಾಲ ನೀರು ಮೊದಲ ಯಾರ ಮನಿಗೆ ಬರ್ತದ ಅನ್ನೂದು ನಿಮಗ ಹೇಳಬೇಕಾಗಿಲ್ಲ.

ಮನಿ ಬಿದ್ದರ ಸರಕಾರ ಕೊಡ್ತದ ಅಂತೀವಿ. ಎಷ್ಟು? 2022–26ರ ವಿಪತ್ತು ಪರಿಹಾರ ನಿಧಿಯ ನಿಯಮದ ಪ್ರಕಾರ ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಶೇಕಡಾ 15ರಷ್ಟಾದರೂ ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ಪೂರ್ತಿಯೋ ಅರ್ಧವೋ ಅನ್ನುವುದು ಪಂಚನಾಮಾ ಬರೆಯುವವರ ಕೈಯಾಗ. ಒಂದು ಗೋಡೆ ಕುಸಿದು ಮೂರು ನಿಂತಿದ್ದರ, ಆ 4,000ದಾಗ ಗೌಂಡಿಯ ಕೂಲಿಯೂ ಮುಗಿಯೂದಿಲ್ಲ.

ವಿಮೆ ಅಂದ್ರ ಸಾಹುಕಾರರದು ಅಂತ ನಾವೇ ತಿಳಕೊಂಡೀವಿ. ಬಾಬಾಸಾಹೇಬರು 1947ರಲ್ಲಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ತೆಗೆದು ನೋಡ್ರಿ. ವಿಮೆ ಸರಕಾರದ ಕೈಯಲ್ಲೇ ಇರಬೇಕು, ಪ್ರತಿಯೊಬ್ಬ ವಯಸ್ಕರೂ ತಮ್ಮ ಪಗಾರಕ್ಕೆ ತಕ್ಕ ಜೀವ ವಿಮೆ ಮಾಡಿಸಲೇಬೇಕು ಅಂತ ಅವರು ಕೇಳಿದ್ದರು. ಅದು ಜೀವ ವಿಮೆಯ ಮಾತು, ಖರೆ. ಆದರ ಬಡವನ ಮನೆಗೂ ವಿಮೆ ಬೇಕು ಅನ್ನೂದಕ್ಕ ನನಗ ಅಷ್ಟು ಸಾಕು.

ಈಗ ಯಾವುದನ್ನು ಆರಿಸಬೇಕು? 2021ರ ಏಪ್ರಿಲ್ 1ರಿಂದ ‘ಭಾರತ ಗೃಹ ರಕ್ಷಾ’ ಅಂತ ಒಂದೇ ನಮೂನೆಯ ಪಾಲಿಸಿ ಬಂದದ. ಯಾವ ಕಂಪನಿಯಲ್ಲಿ ತಗೊಂಡರೂ ಅದರ ಮೂಲ ಕರಾರು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ ಎಲ್ಲವೂ ಒಳಗೇ ಅದಾವು. ಭೂಕಂಪ ನಮಗ್ಯಾಕ ಅಂತೀರೇನು? 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ನೆನಸ್ಕೊಳ್ರಿ. ಅಲ್ಲಿ ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳ ಕೆಳಗೆ. ಬೇರೆ ಪಾಲಿಸಿ ತೋರಿಸಿದರ ಪ್ರವಾಹ, ಭೂಕಂಪ ಎರಡೂ ಅದರಾಗ ಅದಾವೋ ಇಲ್ಲೋ ಓದಿಸಿ ನೋಡ್ರಿ. ಹಪ್ತೆ ಕಡಿಮೆ ಅಂತ ಹೊಳಿಯನ್ನೇ ಬಿಟ್ಟ ಪಾಲಿಸಿ ನಮಗ್ಯಾಕ?

ಮೊತ್ತದ ಲೆಕ್ಕ ಹಿಂಗ. ಜಾಗದ ಬೆಲೆ ಹಿಡೀಬ್ಯಾಡ್ರಿ, ಜಾಗ ಕೊಚ್ಚಿ ಹೋಗೂದಿಲ್ಲ. ತಿರುಗಿ ಕಟ್ಟಲಿಕ್ಕೆ ಎಷ್ಟು ಬೇಕು ಅದನ್ನು ಬರಸ್ರಿ. ಘರ್ಕುಲದ ಮನೆ 269 ಚದರ ಅಡಿ ಅಂತ ಹಿಡಿಯೋಣ. ಗೌಂಡಿ ಅಡಿಗೆ 1,500 ಅಂದರೆ 4,03,500 ಆಯಿತು. ಅದರ ಶೇಕಡಾ 20, ಅಂದರೆ ಸುಮಾರು 80,000, ಪಾತ್ರೆ-ಪಗಡಿ, ಮಂಚ, ತಿಜೋರಿ ಇಂಥವುಗಳಿಗೆ ತಾನೇ ಸೇರ್ತದ. ಇಷ್ಟು ಸಣ್ಣ ಮನೆಗೆ ವರ್ಷದ ಹಪ್ತೆ ಸಾಮಾನ್ಯವಾಗಿ ನೂರರ ಲೆಕ್ಕದಾಗ ಇರ್ತದ, ಸಾವಿರದ ಲೆಕ್ಕದಾಗ ಅಲ್ಲ. ನಾವು ಚಹಾಕ್ಕ ಎಷ್ಟು ಹಾಕ್ತೀವಿ ಅನ್ನೂದನ್ನ ಇಲ್ಲಿ ಕೇಳೂದಿಲ್ಲ.

ಬರದೇ ಇರೂದೂ ತಿಳೀರಿ. ಪೆಟ್ಟಿಗೆಯಾಗಿನ ರೊಕ್ಕಕ್ಕೆ ಬರೂದಿಲ್ಲ. ಸಿಡಿಲಿನ ಕರೆಂಟಿಗೆ ಟಿ.ವಿ. ಒಳಗೇ ಸುಟ್ಟರೆ ಆ ಟಿ.ವಿ.ಗೆ ಬರೂದಿಲ್ಲ. ಆಡು, ಎಮ್ಮೆಗೆ ವಿಮೆ ಬೇರೆ. ಹಳೇ ಗೋಡೆ ತಾನೇ ಸವೆದರೆ, ಹೊಸ ಮನೆ ನಮ್ಮ ಎರೆ ಮಣ್ಣಿನಾಗ ಕೂತು ಸಾದಾ ಬಿರುಕು ಬಿಟ್ಟರೆ ಅದಕ್ಕೂ ಇಲ್ಲ. ತಟ್ಟಿ, ತಾಡಪತ್ರಿಯ ಮನೆಯನ್ನು ಕಚ್ಚಾ ಅಂತಲೇ ಎಣಿಸ್ತಾರ. ಮಣ್ಣಿನ ಗೋಡೆ, ಪತ್ರಾ ಇದ್ದರ ಅರ್ಜಿಯಾಗ ಹಂಗೇ ಬರಸ್ರಿ, ಮುಚ್ಚಿಡಬ್ಯಾಡ್ರಿ. ಮುಚ್ಚಿಟ್ಟದ್ದು ರೊಕ್ಕ ಕೊಡೂ ಹೊತ್ತಿಗೆ ಹೊರಗ ಬರ್ತದ.

ಇನ್ನು ಕಾಗದ. 2020ರಲ್ಲಿ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು. ಪಂಚನಾಮಾನೂ ಆಯಿತು. ಆದರ ‘ನಮೂನಾ ಆಠ’ ಉತಾರಾ ಇನ್ನೂ ಸತ್ತ ಅಜ್ಜನ ಹೆಸರಿನಲ್ಲೇ ಇತ್ತು. ರೊಕ್ಕ ಯಾರ ಖಾತೆಗೆ ಹಾಕೂದು ಅಂತ ಕೇಳಿದರು, ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಗೋಡೆ ಇದ್ದ ಜಾಗಕ್ಕ ಅವ್ವ ಸೀರೆ ಕಟ್ಟಿ ಚಳಿಗಾಲ ಕಳೆದಳು. ಪರಿಹಾರವಿರಲಿ, ವಿಮೆಯಿರಲಿ, ಹೆಸರು ಸರಿ ಇಲ್ಲದಿದ್ದರ ಎರಡೂ ಅಲ್ಲೇ ನಿಲ್ತಾವು.

“ಅಣ್ಣಾ, ನಾವು ವಿಮೆ ಮಾಡಿಸಿದರ ಸರಕಾರ ಕೈ ತೊಳಕೊಳ್ತದ” ಅಂತ ನಮ್ಮ ಹುಡುಗರು ವಾದ ಮಾಡ್ತಾರ. ಆ ಸಂಶಯ ನನಗೂ ಅದ. ಅದಕ್ಕೇ ಹೇಳ್ತೀನಿ, ಪಂಚನಾಮಾ ಬಿಡಬ್ಯಾಡ್ರಿ, ಪರಿಹಾರದ ಹಕ್ಕು ಬಿಡಬ್ಯಾಡ್ರಿ, ತಗ್ಗಿನಿಂದ ಎತ್ತರದ ಜಾಗ ಕೇಳೂದಂತೂ ಬಿಡಲೇಬ್ಯಾಡ್ರಿ. ಆದರ ಅದು ಬರೂತನಕ ಪತ್ರಾದ ಕೆಳಗೆ ಮಲಗೂ ಮಕ್ಕಳು ನಮ್ಮವೇ. ಕಂಪನಿ ಸತಾಯಿಸಿದರ ಮೊದಲ ಅವರಿಗೇ ಲಿಖಿತ ದೂರು ಕೊಡ್ರಿ. ಒಂದು ತಿಂಗಳಾದರೂ ಉತ್ತರ ಬರದಿದ್ದರ ಪುಣೆಯಲ್ಲಿ ವಿಮಾ ಲೋಕಪಾಲ ಕಚೇರಿ ಅದ. ಅಲ್ಲಿ ಫೀ ಇಲ್ಲ, ವಕೀಲರೂ ಬೇಡ.

ಬರೂ ರವಿವಾರ ಸಂಘದ ಹುಡುಗರು ಇಲ್ಲೇ ಕೂತಿರ್ತಾರ. ಉತಾರಾ, ಆಧಾರ್, ಮನೀಪಟ್ಟಿ ಪಾವತಿ ತರ್ರಿ. ಹೆಸರು ಬದಲಿಸುವ ಅರ್ಜಿ ಅವರೇ ಬರೆದು ಕೊಡ್ತಾರ. ಮಳೆಗಾಲದ ಮೊದಲ ನಾಲ್ಕೂ ಗೋಡೆಯ, ಮಾಳಿಗೆಯ ಫೋಟೋ ತೆಗೆದಿಡ್ತಾರ. ಪತ್ರಾ ಮನಿಯವರೂ ಬರ್ರಿ.

ಜೈ ಭೀಮ.