‘ಚಲೋ ಆಗೈತಿ’ ಎಂಬ ಒಂದೇ ಉತ್ತರ ಸಾಲದು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಇಂದು ಸೀಳುತುಟಿ, ಸೀಳು ಅಂಗುಳದ ಚಿಕಿತ್ಸೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನನ್ನ ಒಬ್ಬ ವಿದ್ಯಾರ್ಥಿ.

ಅವನಿಗೆ ಹುಟ್ಟಿನಿಂದಲೇ ತುಟಿಯೂ ಅಂಗುಳವೂ ಸೀಳಿದ್ದವು. ಕೂಸಿದ್ದಾಗಲೇ ಎರಡಕ್ಕೂ ಉಚಿತವಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ತುಟಿಯ ಮೇಲೆ ಒಂದು ಸಣ್ಣ ಗೆರೆ ಬಿಟ್ಟರೆ ನೋಡುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ‘ಎದ್ದು ಪಾಠ ಓದು’ ಎಂದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅವನು ‘ಬಾಗಿಲು’ ಎಂದರೆ ‘ಮಾಗಿಲು’ ಎಂದು ಕೇಳಿಸುತ್ತಿತ್ತು, ಹುಡುಗರು ನಗುತ್ತಿದ್ದರು. ತಾಯಿಯನ್ನು ಕರೆಸಿ ವಿಚಾರಿಸಿದೆ. “ಆಸ್ಪತ್ರೆಯವರು ಕೇಳಿದಾಗ ಎಲ್ಲಾ ಚಲೋ ಆಗೈತಿ ಅಂದ್ವಿ ಸರ್. ರೊಕ್ಕ ತಗೊಳ್ಳದೆ ಮಾಡಿದವರಿಗೆ ಬ್ಯಾರೆ ಏನ್ ಹೇಳೋದು?” ಎಂದರು. ಹುಡುಗನತ್ತ ತಿರುಗಿ, “ನೀನು ಏನು ಹೇಳಿದೆ?” ಎಂದೆ. “ನನ್ನನ್ನ ಯಾರೂ ಕೇಳಲಿಲ್ಲ ಸರ್” ಎಂದ.

ಈ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಪ, ಬ, ತ, ದ, ಸ ಇಂತಹ ಅಕ್ಷರಗಳಿಗೆ ಬಾಯಲ್ಲಿ ಗಾಳಿಯ ಒತ್ತಡ ಬೇಕು. ಅಂಗುಳ ಸರಿಯಾಗಿ ಮುಚ್ಚದಿದ್ದರೆ ಆ ಗಾಳಿ ಮೂಗಿಗೆ ಸೋರುತ್ತದೆ. ಆಗ ‘ಬ’ಕಾರ ‘ಮ’ಕಾರದಂತೆ, ಉರ್ದುವಿನ ‘ಬೇ’ ‘ಮೀಮ್’‌ನಂತೆ ಕೇಳಿಸುತ್ತದೆ. ಇದು ಮಗುವಿನ ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಗ್ರಹಣದ ದಿನ ತಾಯಿ ಚಾಕು ಹಿಡಿದದ್ದರ ಫಲವಂತೂ ಖಂಡಿತ ಅಲ್ಲ. ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಬ್ಬರು ಹೀಗೆ ಹುಟ್ಟುತ್ತಾರೆ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಅಂಗುಳದ್ದು 9ರಿಂದ 18 ತಿಂಗಳೊಳಗೆ ಆಗುತ್ತದೆ. ಆಮೇಲೆ ಮಾತಿನ ತರಬೇತಿ, ಹಲ್ಲಿನ ಚಿಕಿತ್ಸೆ, ಕೆಲವರಿಗೆ ವಸಡಿನ ಮೂಳೆಯ ಜೋಡಣೆ ಬೇಕಾಗುತ್ತದೆ. ಅಂದರೆ ಹೊಲಿಗೆ ಬಿಚ್ಚಿದ ದಿನವೇ ಚಿಕಿತ್ಸೆ ಮುಗಿಯುವುದಿಲ್ಲ.

ಹಾಗಾದರೆ ರೋಗಿಗೆ ತೃಪ್ತಿಯಾಗಿದೆಯೇ ಎಂದು ಅಳೆಯುವುದು ಹೇಗೆ? ಉಪಕಾರ ಪಡೆದವರು ಉಪಕಾರ ಮಾಡಿದವರ ಎದುರಿಗೆ ದೂರು ಹೇಳುವುದಿಲ್ಲ. ಅದು ನಮ್ಮ ಸಂಸ್ಕಾರ, ಆದರೆ ಅಳತೆಯಲ್ಲ. ಆಸ್ಪತ್ರೆಯವರ ನಡತೆ ಒಳ್ಳೆಯದಿತ್ತೇ ಎಂಬುದು ಒಂದು ಪ್ರಶ್ನೆ. ಮಗುವಿನ ಮಾತು, ಮುಖ, ಮನಸ್ಸು ಹೇಗಿವೆ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಕೂಡಿಸಿ ‘ಚಲೋ ಆಗೈತಿ’ ಎಂದರೆ ಎರಡೂ ತಿಳಿಯುವುದಿಲ್ಲ.

ಇದಕ್ಕಾಗಿ ಕೆನಡಾದ ಸಂಶೋಧಕರ ಮುಂದಾಳತ್ವದಲ್ಲಿ ‘ಕ್ಲೆಫ್ಟ್-ಕ್ಯೂ’ ಎಂಬ ಪ್ರಶ್ನಾವಳಿ ಸಿದ್ಧವಾಗಿದೆ. ಭಾರತವೂ ಸೇರಿದಂತೆ 6 ದೇಶಗಳ ಮಕ್ಕಳು ಮತ್ತು ಯುವಜನರ ಮಾತು ಕೇಳಿಯೇ ಅದರ ಪ್ರಶ್ನೆಗಳನ್ನು ರೂಪಿಸಿದರು. 12 ದೇಶಗಳ 2434 ಜನರಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 8ರಿಂದ 29 ವರ್ಷದವರು ತಾವೇ ಉತ್ತರಿಸುತ್ತಾರೆ. ತುಟಿ, ಮೂಗು, ಹಲ್ಲು, ಮಾತು, ಶಾಲೆ, ಗೆಳೆತನ ಹೀಗೆ ಒಂದೊಂದಕ್ಕೂ ಬೇರೆ ಬೇರೆಯಾಗಿ 0ಯಿಂದ 100ರವರೆಗೆ ಅಂಕ. ನನ್ನ ವಿದ್ಯಾರ್ಥಿಗೆ ತುಟಿಯಲ್ಲಿ ಹೆಚ್ಚು, ಮಾತಿನಲ್ಲಿ ಕಡಿಮೆ ಅಂಕ ಬರುತ್ತಿತ್ತೇನೋ. ಆಗ ಮುಂದೆ ಏನು ಮಾಡಬೇಕೆಂಬುದು ವೈದ್ಯರಿಗೆ ತಿಳಿಯುತ್ತಿತ್ತು.

ಪ್ರಶ್ನೆ ಮಗುವಿನ ಭಾಷೆಯಲ್ಲೂ ಇರಬೇಕು. ನಮ್ಮ ಮನೆಗಳ ಮಾತು ಪುಸ್ತಕದ ಉರ್ದುವಲ್ಲ, ಪುಸ್ತಕದ ಕನ್ನಡವೂ ಅಲ್ಲ. ಅನುವಾದಿಸಿದ ಪ್ರಶ್ನೆಯನ್ನು ಮೊದಲು ಮಕ್ಕಳಿಗೆ ಓದಿ, ಅವರಿಗೆ ಏನು ಅರ್ಥವಾಯಿತೆಂದು ಕೇಳಿ ನೋಡಬೇಕು. ಇದು ಭಾಷಾ ಶಿಕ್ಷಕರು ಮಾಡಬಹುದಾದ ಸೇವೆ.

ಇನ್ನೊಂದು ಮಾತು. ಧಾರವಾಡದ ಎಸ್.ಡಿ.ಎಂ.ನಂತಹ ಆಸ್ಪತ್ರೆಗಳಲ್ಲಿ ‘ಸ್ಮೈಲ್ ಟ್ರೈನ್’ ನೆರವಿನಿಂದ ಉಚಿತ ಶಸ್ತ್ರಚಿಕಿತ್ಸೆಗಳು ನಡೆದಿವೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳ್ಳಿಗಳಿಂದ ಮಾತಿನ ತರಬೇತಿಗೆ ಮತ್ತೆ ಮತ್ತೆ ದೂರದ ಊರಿಗೆ ಹೋಗಬೇಕೆಂದರೆ ಬಸ್ ಚಾರ್ಜು, ಹೋದ ದಿನದ ಕೂಲಿ ಎರಡೂ ಕೈಬಿಡುತ್ತವೆ. ಅನೇಕರು ಹೋಗುವುದನ್ನೇ ಬಿಡುತ್ತಾರೆ. ತಿರುಗಿ ಬಂದವರನ್ನು ಮಾತ್ರ ಕೇಳಿ ತೃಪ್ತಿ ಅಳೆದರೆ, ಬರಲಾಗದವರ ಕಷ್ಟ ಆ ಲೆಕ್ಕದಲ್ಲಿ ಸಿಗುವುದೇ ಇಲ್ಲ. ಅವರು ಸಿಗುವುದು ನಮ್ಮ ತರಗತಿಗಳಲ್ಲಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳವೂ ಇವೆ. ಆ ತಂಡ ಶಾಲೆಗೆ ಬಂದಾಗ, ಶಸ್ತ್ರಚಿಕಿತ್ಸೆ ಆಗಿಹೋದ ಮಗುವನ್ನೂ ಮುಂದೆ ಕೂರಿಸಿ, ಅವನ ಮಾತನ್ನು ಕೇಳಿಸಿ. ಪಾಲಕರೇ, ವೈದ್ಯರಿಗೆ ಉಳಿದ ತೊಂದರೆ ಹೇಳುವುದು ಕೃತಘ್ನತೆಯಲ್ಲ, ಅದು ಅವರ ಕೆಲಸಕ್ಕೆ ಸಹಾಯ. ವಿದ್ಯಾರ್ಥಿಗಳೇ, ಗೆಳೆಯನ ‘ಬ’ಕಾರ ‘ಮ’ಕಾರವಾದರೆ ನಗಬೇಡಿ, ಅವನು ವಾಕ್ಯ ಮುಗಿಸುವವರೆಗೆ ಕಾಯಿರಿ.

ಮಗುವನ್ನೇ ಕೇಳೋಣ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.